ಬೇಲಿಯಾಚೆಯ ಉಕ್ಕಿನ ಅಂಗಿ

ಜರ್ಮನಿಯಲ್ಲಿ ಭಾನುವಾರ ಸುತ್ತಿಗೆ ಎತ್ತುವ ಹಾಗಿಲ್ಲ. ಹುಲ್ಲು ಕತ್ತರಿಸುವ ಯಂತ್ರ ಹಚ್ಚಿದರೂ ಎದುರು ಮನೆಯ ಕಿಟಕಿಯಲ್ಲಿ ಒಂದು ಮುಖ ಕಾಣಿಸಿಕೊಳ್ಳುತ್ತದೆ. ವಾರದ ದಿನಗಳಲ್ಲೂ ರಾತ್ರಿ ಹತ್ತರಿಂದ ಬೆಳಗಿನ ಆರರ ತನಕ ಸದ್ದು ಕೂಡದು. ಇಂಥ ದೇಶದಲ್ಲಿ ನಮ್ಮ ಬೇಲಿಯಾಚೆಯ ಯಜಮಾನರು ಕಾರ್ ಶೆಡ್ಡಿನಲ್ಲಿ ಕೂತು, ನೆತ್ತಿಯಿಂದ ಕಾಲ್ಬೆರಳಿನವರೆಗೆ, ಒಂದು ಪೂರಾ ಉಕ್ಕಿನ ಕವಚ ಬಡಿಯುತ್ತಿದ್ದಾರೆ. ಕಾರು ಬೀದಿಯಲ್ಲಿ ನೆನೆಯುತ್ತಿದೆ. ಭಾನುವಾರ ಬಡಿಯುವ ಹಾಗಿಲ್ಲವಾದ್ದರಿಂದ ಅವತ್ತೇ ಅವರು ಮಾತಿಗೆ ಸಿಗುವುದು. ಬೇಲಿಯ ಆ ಕಡೆ ಅವರು, ಈ ಕಡೆ ನಾನು, ನನ್ನ ಪಕ್ಕದಲ್ಲಿ ಬೇಸಿಗೆ ಕಳೆಯಲು ತಿಪಟೂರಿನಿಂದ ಬಂದಿರುವ ನನ್ನ ಅತ್ತೆ. ಅತ್ತೆಗೆ ಜರ್ಮನ್ ಬಾರದು, ಯಜಮಾನರಿಗೆ ಕನ್ನಡ ಬಾರದು. ನಡುವೆ ದುಭಾಷಿಯ ಕೆಲಸ ನನ್ನದು, ಸಂಬಳವಿಲ್ಲ.

ನಾವಿರುವ ಊರು ಲಾಂಡ್ಸ್‌ಹುಟ್. ಮ್ಯೂನಿಕ್‌ನಿಂದ ಈಶಾನ್ಯಕ್ಕೆ ಸುಮಾರು 70 ಕಿಲೋಮೀಟರ್, ಈಸರ್ ನದಿಯ ದಡದಲ್ಲಿದೆ. ಗುಡ್ಡದ ಮೇಲೊಂದು ಕೋಟೆ, ಕೆಳಗೆ ಸೇಂಟ್ ಮಾರ್ಟಿನ್ ಚರ್ಚು. ಆ ಚರ್ಚಿನ ಗೋಪುರ 130 ಮೀಟರ್ ಎತ್ತರ. ಇಟ್ಟಿಗೆಯಲ್ಲಿ ಕಟ್ಟಿದ ಗೋಪುರಗಳಲ್ಲಿ ಜಗತ್ತಿಗೇ ಎತ್ತರದ್ದು. ಊರಿನ ಲಾಂಛನದಲ್ಲಿ ಸಿಂಹವೂ ಇಲ್ಲ, ಹದ್ದೂ ಇಲ್ಲ, ಮೂರು ಉಕ್ಕಿನ ಟೋಪಿಗಳಿವೆ. ಇಂಥ ಊರಲ್ಲಿ ಒಬ್ಬರು ಕವಚ ಮಾಡಲು ಹೊರಟರೆ ಅದನ್ನು ಹುಚ್ಚು ಅನ್ನುವುದಕ್ಕೆ ನನಗಂತೂ ಬಾಯಿ ಬರುವುದಿಲ್ಲ. ಅವರ ಹೆಂಡತಿಗೆ ಬರುತ್ತದೆ, ಅದು ಬೇರೆ ವಿಷಯ.

ಇಷ್ಟಕ್ಕೆಲ್ಲ ಕಾರಣ ಒಂದು ಮದುವೆ. 1475ರಲ್ಲಿ ಇಲ್ಲಿನ ಡ್ಯೂಕನ ಮಗ ಗೇಯೋರ್ಗ್‌ಗೂ ಪೋಲೆಂಡಿನ ರಾಜಕುಮಾರಿ ಹೆಡ್ವಿಗ್‌ಗೂ ಲಗ್ನವಾಯಿತು. ಚಕ್ರವರ್ತಿ ಮೂರನೇ ಫ್ರೆಡರಿಕ್ ಖುದ್ದಾಗಿ ಬಂದಿದ್ದ. ಅಡುಗೆಗೆ ಹೋದ ಕೋಳಿಗಳೇ 40,000 ಅಂತ ಲೆಕ್ಕ ಉಳಿದಿದೆ. ಆ ಮದುವೆಯನ್ನು ಊರವರು 1903ರಿಂದ ಮತ್ತೆ ಮತ್ತೆ ಮಾಡುತ್ತಾ ಬಂದಿದ್ದಾರೆ. ಈಗ ನಾಲ್ಕು ವರ್ಷಕ್ಕೊಮ್ಮೆ. ಕೋವಿಡ್ ಬಂದು 2021ರದ್ದು 2023ಕ್ಕೆ ಹೋಯಿತು, ಮುಂದಿನದು 2027ರಲ್ಲಿ. ಎರಡು ಸಾವಿರಕ್ಕೂ ಹೆಚ್ಚು ಜನ ಹದಿನೈದನೇ ಶತಮಾನದ ಬಟ್ಟೆ ತೊಟ್ಟು ಬೀದಿಗಿಳಿಯುತ್ತಾರೆ. ಗಂಡಸರು ಅದಕ್ಕೋಸ್ಕರ ತಿಂಗಳುಗಟ್ಟಲೆ ಕೂದಲು ಬಿಡುತ್ತಾರೆ. ಬ್ಯಾಂಕಿನ ಕೌಂಟರಿನಲ್ಲಿ ಹೆಗಲವರೆಗೆ ಜುಟ್ಟು ಬಿಟ್ಟ ಗುಮಾಸ್ತ ಕೂತಿದ್ದರೆ ಉತ್ಸವ ಹತ್ತಿರ ಬಂತು ಅಂತ ತಿಳಿಯಬೇಕು.

ನಾನು ಇದನ್ನೆಲ್ಲ ವಿವರಿಸಿದರೆ ಅತ್ತೆಗೆ ಒಂಚೂರೂ ಆಶ್ಚರ್ಯವಾಗಲಿಲ್ಲ. "ನಮ್ಮಲ್ಲಿ ವರ್ಷಾ ವರ್ಷ ಕಲ್ಯಾಣೋತ್ಸವ ಮಾಡಲ್ವೇನೇ? ಶ್ರೀನಿವಾಸನಿಗೆ ಎಷ್ಟನೇ ಮದುವೆ ಅದು? ಹಂಗೇ ಇದೂ" ಅಂದರು. ಅದನ್ನು ಜರ್ಮನ್‌ಗೆ ತಿರುಗಿಸಿ ಹೇಳಿದೆ. ಯಜಮಾನರು ತುಂಬಾ ಹೊತ್ತು ತಲೆಯಾಡಿಸಿದರು.

ಮೊದಲು ನಾನು ತಿಳಿದಿದ್ದು, ಕವಚ ಅಂದರೆ ಕಮ್ಮಾರನ ಕೆಲಸ, ಕುಲುಮೆ, ತಿದಿ, ಕೆಂಡ, ಕಿಡಿ ಅಂತ. ಶೆಡ್ಡಿನೊಳಗೆ ಇಣುಕಿದರೆ ಕಂಡದ್ದು ರಟ್ಟು. ಬರೀ ರಟ್ಟು. ತಿಂಡಿಯ ಡಬ್ಬ, ಟಿವಿ ಬಂದ ಪೆಟ್ಟಿಗೆ, ಎಲ್ಲವನ್ನೂ ಕತ್ತರಿಸಿ ತೋಳಿನ ತುಂಡು, ತೊಡೆಯ ತುಂಡು ಅಂತ ಮೇಲೆ ಪೆನ್ಸಿಲ್ಲಿನಲ್ಲಿ ಬರೆದು ಗೋಡೆಗೆ ನೇತು ಹಾಕಿದ್ದರು. ಟೇಪು, ಚಾಕ್‌ಪೀಸು, ಕತ್ತರಿ. ದರ್ಜಿಯ ಅಂಗಡಿಗೆ ಬಂದೆನೇನೋ ಅನ್ನಿಸಿತು. ಅವರು ಹೇಳುವುದೂ ಅದೇ: ಇದು ಮುಕ್ಕಾಲು ಪಾಲು ದರ್ಜಿ ಕೆಲಸ, ಕಾಲು ಪಾಲು ಕಮ್ಮಾರಿಕೆ. ಉಕ್ಕು ಬಗ್ಗಿಸುವುದನ್ನು ಯಾರಿಗಾದರೂ ಕಲಿಸಬಹುದು, ಅಳತೆ ಕೂರಿಸುವುದು ಕಷ್ಟ. ಬಟ್ಟೆಯಾದರೆ ಎಳೆದರೆ ಸ್ವಲ್ಪ ಬರುತ್ತದೆ. ಉಕ್ಕು ಎಲ್ಲಿ ಬರುತ್ತದೆ?

ಹಳೆಯ ಕಾಲದವರೂ ಇದನ್ನು ಬಟ್ಟೆ ಅಂತಲೇ ನೋಡಿದ್ದಾರೆ ಅನ್ನುವುದಕ್ಕೆ ವಿಯೆನ್ನಾದ ವಸ್ತುಸಂಗ್ರಹಾಲಯದಲ್ಲಿ ಸಾಕ್ಷಿ ಇದೆ. ಮುಂದೆ ಐದನೇ ಚಾರ್ಲ್ಸ್ ಚಕ್ರವರ್ತಿಯಾದ ಹುಡುಗನಿಗೆ ಇನ್ಸ್‌ಬ್ರುಕ್‌ನ ಕೊನ್ರಾಡ್ ಸೊಯ್ಸೆನ್‌ಹೋಫರ್ 1512ರ ಆಸುಪಾಸಿನಲ್ಲಿ ಮಾಡಿಕೊಟ್ಟ ಕವಚಕ್ಕೆ ಸೊಂಟದಿಂದ ಕೆಳಗೆ ನೆರಿಗೆ ಲಂಗವಿದೆ, ಅದೂ ಉಕ್ಕಿನದೇ. ಔಗ್ಸ್‌ಬರ್ಗ್‌ನ ಕೋಲ್ಮನ್ ಹೆಲ್ಮ್‌ಶ್ಮೀಡ್ 1523ರಲ್ಲಿ ರೋಗೆನ್‌ಡಾರ್ಫ್ ಎಂಬ ಸೇನಾನಿಗೆ ಮಾಡಿದ್ದಂತೂ ಇನ್ನೂ ಒಂದು ಹೆಜ್ಜೆ ಮುಂದೆ. ಆಗಿನ ಶೋಕಿಯ ರೇಷ್ಮೆ ಅಂಗಿಗಳಿಗೆ ಉಬ್ಬಿದ ತೋಳು, ಅದರ ಮೇಲೆ ಸೀಳು ಸೀಳು ವಿನ್ಯಾಸ. ಆ ಉಬ್ಬು, ಆ ಸೀಳು ಎರಡನ್ನೂ ಅವನು ಹಾಗೆ ಹಾಗೇ ಉಕ್ಕಿನಲ್ಲಿ ಇಳಿಸಿಬಿಟ್ಟಿದ್ದಾನೆ. ದೂರದ ಗಿರಾಕಿಗಳು ಅಳತೆಗೆ ತಮ್ಮ ಬಟ್ಟೆಯನ್ನೇ ಕವಚದವರಿಗೆ ಕಳಿಸಿಕೊಡುವ ರೂಢಿಯಿತ್ತು. ಒಮ್ಮೆ ಮಾಡಿಸಿಕೊಂಡ ಮೇಲೆ ಸಾಹುಕಾರರು ಹೊಟ್ಟೆಯನ್ನು ಹತೋಟಿಯಲ್ಲಿ ಇಟ್ಟುಕೊಳ್ಳಬೇಕಿತ್ತು, ಪಾಪ.

"ಕರ್ಣನಿಗೆ ಈ ರಗಳೆಯೇ ಇರಲಿಲ್ಲ ನೋಡು. ಹುಟ್ಟುತ್ತಲೇ ತೊಟ್ಟುಕೊಂಡು ಬಂದ, ಅವನು ಬೆಳೆದ ಹಾಗೆ ಅದೂ ಬೆಳೀತು" ಅಂದರು ಅತ್ತೆ. ಯಜಮಾನರಿಗೆ ಕರ್ಣನ ಕತೆ ಹೇಳಲು ಅರ್ಧ ಗಂಟೆ ಹಿಡಿಯಿತು. ಕೊನೆಗೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಮೊಣಕೈ ಹೇಗೆ ಮಡಿಚುತ್ತಿದ್ದ?"

ಅದು ಅವರ ಪ್ರಾಣಸಂಕಟದ ಪ್ರಶ್ನೆ. ಎದೆಯ ತಗಡು ನೋಡಲು ಭರ್ಜರಿ, ಆದರೆ ಮಾಡಲು ಹೋಲಿಕೆಯಲ್ಲಿ ಸಲೀಸು, ಯಾಕೆಂದರೆ ಎದೆ ಮಡಿಚುವುದಿಲ್ಲ. ಸತಾಯಿಸುವುದೆಲ್ಲ ಮಡಿಚುವ ಜಾಗಗಳು: ಮಂಡಿ, ಮೊಣಕೈ, ಭುಜ, ಬೆರಳು. ಒಂದು ಭಾನುವಾರ ಮಂಡಿಯ ಭಾಗವನ್ನು ತಂದು ನನ್ನ ಕೈಗೇ ಕೊಟ್ಟರು. ನಡುವೆ ಮಂಡಿಚಿಪ್ಪಿನ ಮೇಲೆ ಕೂರುವ ಒಂದು ಬಟ್ಟಲು. ಬಟ್ಟಲಿನ ಹೊರಮಗ್ಗುಲಿಗೆ ಅಗಲವಾದ ಒಂದು ಕಿವಿ, ಮಂಡಿಯ ಹಿಂದಿನ ಸಂದಿಗೆ ಕತ್ತಿ ಬೀಳದಿರಲಿ ಅಂತ. ಬಟ್ಟಲಿನ ಮೇಲೂ ಕೆಳಗೂ ಬೆರಳಗಲದ ಪಟ್ಟಿಗಳು, ಒಂದರ ಕೆಳಗೊಂದು ತೂರಿಕೊಂಡಿವೆ. ಪ್ರತಿ ಪಟ್ಟಿಗೂ ಎಡಕ್ಕೊಂದು ಬಲಕ್ಕೊಂದು ರಿವೆಟ್ಟು. ಆ ರಿವೆಟ್ಟಿನ ಮೇಲೆಯೇ ಪಟ್ಟಿ ತಿರುಗಬೇಕು. ಕಾಲು ನೆಟ್ಟಗಿದ್ದಾಗ ಪಟ್ಟಿಗಳು ಒಳಗೆ ಅಡಗಿರುತ್ತವೆ. ಮಡಿಚಿದರೆ ಒಂದೊಂದಾಗಿ ಹೊರಗೆ ಜಾರುತ್ತವೆ, ಆದರೂ ಎಲ್ಲೂ ಕತ್ತಿಯ ಮೊನೆ ತೂರುವಷ್ಟು ಸಂದಿ ಬಿಡಬಾರದು. ರಿವೆಟ್ಟಿನ ತೂತು ಎರಡು ಮಿಲಿಮೀಟರ್ ಆಚೀಚೆ ಆಯಿತೋ, ಪಟ್ಟಿ ಕಚ್ಚಿಕೊಂಡು ನಿಂತವನು ನಿಂತಂತೆಯೇ.

ಅದಕ್ಕೇ ಮೊದಲು ರಟ್ಟು. ರಟ್ಟಿನ ಪಟ್ಟಿಗಳಿಗೆ ಫೈಲಿಗೆ ಹಾಕುವ ಹಿತ್ತಾಳೆ ಪಿನ್ನು ಚುಚ್ಚಿ, ಕಾಲಿಗೆ ಕಟ್ಟಿಕೊಂಡು, ಮೆಟ್ಟಿಲು ಹತ್ತಿ ಇಳಿದು, ಕುಕ್ಕರಗಾಲಲ್ಲಿ ಕೂತು ಎದ್ದು, ಎಲ್ಲಿ ಒತ್ತಿತು ಎಲ್ಲಿ ಬಾಯಿಬಿಟ್ಟಿತು ಅಂತ ಗುರುತು ಹಾಕಿಕೊಳ್ಳಬೇಕು. ಆಮೇಲೆ ತಗಡಿನಲ್ಲಿ ಕತ್ತರಿಸಿ, ರಿವೆಟ್ಟಿನ ಬದಲು ಸಣ್ಣ ಬೋಲ್ಟು ಹಾಕಿ ಮತ್ತೆ ಅದೇ ಕವಾಯತು. ಎಲ್ಲ ಸರಿ ಬಂದ ಮೇಲಷ್ಟೇ ರಿವೆಟ್ಟು. ಬುದ್ಧಿವಂತಿಕೆ ಎದ್ದು ಕಾಣುವುದು ಭುಜ, ಮೊಣಕೈಗಳ ಕಡೆ. ಅಲ್ಲಿ ಕೆಲವು ಪಟ್ಟಿಗಳಿಗೆ ದುಂಡು ತೂತಿನ ಬದಲು ಉದ್ದನೆಯ ಸೀಳು ಕೊರೆದಿರುತ್ತಾರೆ. ರಿವೆಟ್ಟು ಆ ಸೀಳಿನಲ್ಲಿ ಹಿಂದೆ ಮುಂದೆ ಓಡಾಡುತ್ತದೆ, ಹಾಗಾಗಿ ಕೈ ತಿರುಗುವುದರ ಜೊತೆಗೆ ಚಾಚುವುದಕ್ಕೂ ಬಿಡುವಾಗುತ್ತದೆ. ಐನೂರು ವರ್ಷದ ಹಿಂದಿನ ಈ ಸೀಳನ್ನು ತೋರಿಸುವಾಗ ನಮ್ಮ ಯಜಮಾನರ ಮುಖ ನೋಡಬೇಕು, ಸ್ವಂತ ಮೊಮ್ಮಗನ ಫೋಟೋಗೂ ಅಷ್ಟು ಅರಳಿದ್ದು ನಾನು ಕಾಣೆ.

ಬಡಿಯುವ ಕೆಲಸ ಇಲ್ಲವೆಂದಲ್ಲ, ಬೇಕಾದಷ್ಟಿದೆ. ಅದರ ಸದ್ದು ಗೋಡೆ ದಾಟಿ ನಮ್ಮ ಅಡುಗೆಮನೆಗೂ ಬರುತ್ತದೆ. ಅತ್ತೆ ಈಗ ಸದ್ದು ಕೇಳಿಯೇ ಯಾವ ಹಂತ ಅಂತ ಹೇಳುತ್ತಾರೆ. ದಪ್ಪ ಮರದ ಬೊಡ್ಡೆಯಲ್ಲಿ ಕುಳಿ ತೆಗೆದು, ತಗಡನ್ನು ಅದರ ಮೇಲಿಟ್ಟು ಉರುಟು ಸುತ್ತಿಗೆಯಲ್ಲಿ ಹೊಡೆದರೆ ಬಟ್ಟಲಾಕಾರ ಬರುತ್ತದೆ. ಆಗ ದಬ್ ದಬ್ ಅನ್ನುವ ಮೊದ್ದು ಸದ್ದು. ಆಳ ಹೆಚ್ಚು ಬೇಕಾದರೆ, ಶಿರಸ್ತ್ರಾಣದಂಥದ್ದಕ್ಕೆ, ತಗಡನ್ನು ಬೋರಲು ಹಾಕಿ ಕಬ್ಬಿಣದ ಗೂಟದ ಮೇಲಿಟ್ಟು ಹೊರಗಿನಿಂದ ಸುತ್ತುಸುತ್ತಾಗಿ ಹೊಡೆಯುತ್ತಾ ಒಳಕ್ಕೆ ತರಬೇಕು. ಅದು ಕಣ ಕಣ ಕಿವಿ ಸೀಳುವ ಸದ್ದು. ಕೊನೆಗೆ ಉಬ್ಬು ತಗ್ಗು ಸಮ ಮಾಡಲು ಸಾವಿರಾರು ಸಣ್ಣ ಪೆಟ್ಟು, ಒಂದರ ಮೇಲೆ ಅರ್ಧ ಇನ್ನೊಂದು ಬೀಳುವಂತೆ. ಅದು ಟಕಟಕ ಟಕಟಕ, ದಿನವಿಡೀ. ಪೆಟ್ಟು ತಿಂದ ಹಾಗೆ ಉಕ್ಕು ಹಟ ಹಿಡಿಯುತ್ತದೆ, ಗಡುಸಾಗಿ ಬಿರುಕು ಬಿಡುವ ಹಂತಕ್ಕೆ ಬರುತ್ತದೆ. ಆಗ ಗ್ಯಾಸ್ ಬರ್ನರಿನಲ್ಲಿ ಕೆಂಪಗೆ ಕಾಯಿಸಿ, ಅವಸರ ಮಾಡದೆ ತಾನಾಗಿ ಆರಲು ಬಿಟ್ಟರೆ ಮತ್ತೆ ಮೆತ್ತಗಾಗುತ್ತದೆ. ಅವತ್ತು ಸದ್ದಿರುವುದಿಲ್ಲ. ಅತ್ತೆಗೆ ಬೇಜಾರು.

ಅಂಚಿನ ವಿಷಯ ಹೇಳಲೇಬೇಕು. ಕತ್ತಿನ ಹತ್ತಿರ, ಕಂಕುಳ ಹತ್ತಿರ ತಗಡಿನ ಅಂಚನ್ನು ಒಂದು ತಂತಿಯ ಸುತ್ತ ಹೊರಕ್ಕೆ ಸುರುಳಿ ಸುತ್ತುತ್ತಾರೆ. ಎದೆಗೆ ತಗುಲಿ ಮೇಲಕ್ಕೆ ಜಾರಿದ ಈಟಿಯ ಮೊನೆ ಗಂಟಲಿಗೆ ಹೋಗದೆ ಆ ಸುರುಳಿಗೆ ಸಿಕ್ಕಿ ನಿಲ್ಲಲಿ ಅಂತ. ಶತ್ರುವಿನ ಈಟಿ ಬರುವುದು ಯಾವಾಗಲೋ. ಅದಕ್ಕೆ ಮುಂಚೆ ತಮ್ಮದೇ ಕವಚದ ಅಂಚು ತಮ್ಮ ಕಂಕುಳನ್ನು ಕೊಯ್ಯದಂತೆ ಕಾಯುವುದೂ ಅದೇ ಸುರುಳಿ.

ಜರ್ಮನ್ ಕವಚ ಅಂತ ಗುರುತು ಹಿಡಿಯುವುದು ಸುಲಭ. ಮಿಲಾನಿನ ಇಟಾಲಿಯನ್ನರದ್ದು ನುಣುಪು, ದುಂಡು, ಮೈಕೈ ತುಂಬಿಕೊಂಡದ್ದು. ಹದಿನೈದನೇ ಶತಮಾನದ ಕೊನೆಯ ಜರ್ಮನ್ನರದ್ದು ಸಣ್ಣ ಸೊಂಟ, ಚೂಪು ಚೂಪು ಅಂಚು, ಮೈಮೇಲೆಲ್ಲ ಬೀಸಣಿಗೆ ಬಿಚ್ಚಿದಂತೆ ಏಣುಗೆರೆಗಳು, ಪಾದಕ್ಕೆ ಉದ್ದನೆಯ ಮೂತಿ. ಏಣು ಬರೀ ಚೆಂದಕ್ಕಲ್ಲ, ತಗಡಿಗೆ ಏಣು ಎಬ್ಬಿಸಿದರೆ ದಪ್ಪ ಹೆಚ್ಚಿಸದೆ ಬಿಗಿ ಬರುತ್ತದೆ. ಇದರಲ್ಲಿ ಎತ್ತಿದ ಕೈ ಔಗ್ಸ್‌ಬರ್ಗ್‌ನ ಲೊರೆಂಜ್ ಹೆಲ್ಮ್‌ಶ್ಮೀಡ್, ಮೇಲೆ ಹೇಳಿದ ಕೋಲ್ಮನ್ನನ ಅಪ್ಪ. 1484ರ ಸುಮಾರಿಗೆ ಅವನು ಟಿರೋಲಿನ ದೊರೆ ಸಿಗಿಸ್ಮಂಡನಿಗೆ ಮಾಡಿದ ಕವಚ ವಿಯೆನ್ನಾದಲ್ಲಿದೆ. ಅದರ ಫೋಟೋ ನಮ್ಮ ಯಜಮಾನರ ಶೆಡ್ಡಿನಲ್ಲಿ ದೇವರ ಪಟದ ಜಾಗದಲ್ಲಿದೆ. ನನ್ನನ್ನು ಕೇಳಿದರೆ ಮಿಲಾನಿನದ್ದೇ ಕಣ್ಣಿಗೆ ಹಿತ, ಜರ್ಮನ್ನರದ್ದು ಮುಟ್ಟಿದರೆ ಚುಚ್ಚುತ್ತದೇನೋ ಅನ್ನಿಸುತ್ತದೆ. ಬೇಲಿಯ ಆ ಕಡೆಗೆ ಈ ಮಾತು ಹೋಗಬಾರದು.

ಒಬ್ಬರೇ ಇಡೀ ಕವಚ ಮಾಡುವುದು ಅಂದಿನವರಿಗೆ ತಮಾಷೆಯಾಗಿ ಕಂಡೀತು. ನ್ಯೂರೆಂಬರ್ಗ್‌ನಲ್ಲಿ ಕಸುಬಿನವನು ಯಾವ ಭಾಗದಲ್ಲಿ ಪರೀಕ್ಷೆ ಪಾಸಾಗಿದ್ದಾನೋ ಆ ಭಾಗವನ್ನಷ್ಟೇ ಮಾಡಬೇಕಿತ್ತು. ಕೈಗವಸಿನವನು ಶಿರಸ್ತ್ರಾಣಕ್ಕೆ ಕೈ ಹಾಕುವಂತಿರಲಿಲ್ಲ. ಮಾಲು ತಪಾಸಣೆಯಾಗಿ ಊರಿನ ಮುದ್ರೆ ಬೀಳಬೇಕು. ಔಗ್ಸ್‌ಬರ್ಗ್‌ನ ಮುದ್ರೆ ಪೈನ್ ಮರದ ಕಾಯಿ. ಹೊಳಪು ಕೊಡುವವರೇ ಬೇರೆ, ಅವರ ಸಾಣೆಕಲ್ಲು ತಿರುಗುತ್ತಿದ್ದುದು ನದಿಯ ನೀರಿನಿಂದ. ಬೀಗ, ಕೀಲು, ಬಕಲಿನವರು ಬೇರೆ. ಒಳಗೆ ತೊಡುವ ಹತ್ತಿ ತುಂಬಿದ ದಪ್ಪ ಅಂಗಿ ಹೊಲಿಯುವವರು ಬೇರೆ. ಆ ಅಂಗಿ ಇಲ್ಲದೆ ಕವಚಕ್ಕೆ ಆಧಾರವೇ ಇಲ್ಲ, ತೋಳಿನ ಉಕ್ಕನ್ನು ಅದರ ದಾರಗಳಿಗೇ ಕಟ್ಟಬೇಕು. ಇಲ್ಲಿ ಈ ಅಷ್ಟೂ ಕಸುಬು ಒಬ್ಬ ನಿವೃತ್ತರ ತಲೆಗೆ. ಹೊಳಪಿನ ಕೆಲಸ ಬಂದಾಗ ಮಾತ್ರ ಅವರೂ ನಿಟ್ಟುಸಿರು ಬಿಡುತ್ತಾರೆ. ಒರಟು ಕಾಗದದಿಂದ ನಯ ಕಾಗದಕ್ಕೆ ಇಳಿಯುತ್ತಾ ಉಜ್ಜಿ ಉಜ್ಜಿ ಮೂಗು, ಕಿವಿ, ಕೂದಲೆಲ್ಲ ಕಪ್ಪು. ಆಮೇಲೆ ಬರಿಗೈ ತಾಗಿಸಿ ಎಣ್ಣೆ ಸವರದೆ ಬಿಟ್ಟರೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಏಳುತ್ತದೆ.

ಈ ಮಧ್ಯೆ ಅತ್ತೆ ಬಹಳ ದಿನದಿಂದ ತಡೆಹಿಡಿದಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟರು. "ಅಲ್ಲ ಕಣೇ, ಇದನ್ನ ಹಾಕ್ಕೊಂಡು ಒಂದಕ್ಕೆ ಎರಡಕ್ಕೆ ಹೋಗೋದು ಹೆಂಗೆ? ಕೇಳು ಅವರನ್ನ." ನಾನು ಕೇಳಲಾರೆ ಅಂದೆ. "ನಾಚಿಕೆ ಏನದರಲ್ಲಿ, ಕೇಳೇ." ಕೇಳಿದೆ. ಯಜಮಾನರು ಒಂಚೂರೂ ಮುಜುಗರಪಡದೆ, ಶೆಡ್ಡಿನಿಂದ ತೊಡೆಯ ತುಂಡು ತಂದು ತಿರುಗಿಸಿ ತೋರಿಸಿದರು. ಕುದುರೆಯ ಮೇಲೆ ಕೂರುವವರಾದ್ದರಿಂದ ಹಿಂಭಾಗಕ್ಕೂ ತೊಡೆಯ ಹಿಂದಕ್ಕೂ ಸಾಮಾನ್ಯವಾಗಿ ತಗಡೇ ಇರುವುದಿಲ್ಲ. ಮುಂದುಗಡೆ ಸರಪಳಿ ಹೆಣಿಗೆಯ ತುಂಡು ಲಂಗ, ಎತ್ತಿದರಾಯಿತು. ಒಳಗಿನ ಚಲ್ಲಣ ದಾರದಲ್ಲಿ ಕಟ್ಟಿದ್ದು, ಬಿಚ್ಚಿದರಾಯಿತು. "ಮತ್ತೆ ಅಷ್ಟೇ ತಾನೇ, ಕಚ್ಚೆಪಂಚೆಗಿಂತ ಸಲೀಸು" ಅಂತ ಅತ್ತೆ ತೀರ್ಪು ಕೊಟ್ಟರು. ಆವತ್ತಿನಿಂದ ಈ ಇಬ್ಬರಿಗೂ ದುಭಾಷಿಯ ಅಗತ್ಯ ಕಡಿಮೆಯಾಗಿದೆ.

ತೂಕದ ಬಗ್ಗೆ ಎಲ್ಲರಿಗೂ ಒಂದು ಭ್ರಮೆ: ಕವಚ ತೊಟ್ಟವನು ಬಿದ್ದರೆ ಏಳಲಾರ, ಕುದುರೆ ಹತ್ತಲು ಅವನನ್ನು ರಾಟೆಗೆ ಕಟ್ಟಿ ಎತ್ತುತ್ತಿದ್ದರು ಅಂತ. 1944ರಲ್ಲಿ ಲಾರೆನ್ಸ್ ಒಲಿವಿಯೆ ತೆಗೆದ 'ಹೆನ್ರಿ ದ ಫಿಫ್ತ್' ಸಿನಿಮಾದಲ್ಲಿ ಹಾಗೇ ತೋರಿಸಿದ್ದಾರೆ. ಯುದ್ಧದ ಕವಚ 20ರಿಂದ 25 ಕಿಲೋ, ಅದೂ ಇಡೀ ಮೈಗೆ ಹಂಚಿಹೋಗಿರುತ್ತದೆ. ಅಳತೆ ಸರಿಯಾಗಿದ್ದರೆ ಓಡಬಹುದು, ಬಿದ್ದು ಏಳಬಹುದು, ತಾನೇ ಕುದುರೆ ಹತ್ತಬಹುದು. ಫ್ರಾನ್ಸಿನ ಬೂಸಿಕೋ ಎಂಬ ಸೇನಾನಿ ಕವಚ ತೊಟ್ಟುಕೊಂಡೇ ಲಾಗ ಹಾಕುತ್ತಿದ್ದನೆಂದು ಅವನ ಕಾಲದವರೇ ಬರೆದಿಟ್ಟಿದ್ದಾರೆ. ಈಟಿಯಾಟಕ್ಕೆಂದೇ ಮಾಡಿದ ಕವಚ ಬೇರೆ, ಅದು 40 ಕಿಲೋ ದಾಟುತ್ತದೆ; ಆದರೆ ಅದನ್ನು ತೊಟ್ಟು ಯಾರೂ ದಿನವಿಡೀ ಯುದ್ಧ ಮಾಡುತ್ತಿರಲಿಲ್ಲ. ಹಳೆಯ ಕುಶಲಿಗಳು ಎದೆಯ ನಡುವೆ ದಪ್ಪ, ಅಂಚಿಗೆ ತೆಳು, ತೋಳಿಗೆ ಇನ್ನೂ ತೆಳು, ಹೀಗೆ ಒಂದೇ ಮೈಯಲ್ಲಿ ದಪ್ಪ ಬದಲಿಸುತ್ತಾ ತೂಕ ಉಳಿಸುತ್ತಿದ್ದರು. ಅಂಗಡಿಯಿಂದ ತಂದ ತಗಡು ಎಲ್ಲ ಕಡೆ ಒಂದೇ ದಪ್ಪ. ಮನೆಯಲ್ಲಿ ಮಾಡಿದ್ದು ಸ್ವಲ್ಪ ಭಾರವಾಗುವುದು ಅದಕ್ಕೇ. ಆದರೆ ಇಂದಿನ ಉಕ್ಕು ಅಂದಿನದಕ್ಕಿಂತ ಶುದ್ಧ. ಅಂದಿನದರಲ್ಲಿ ಕಿಟ್ಟ ಸೇರಿಕೊಂಡು ಎಲ್ಲಿ ಬಿರಿಯುತ್ತದೋ ಹೇಳಲಾಗುತ್ತಿರಲಿಲ್ಲ.

ಇಷ್ಟೆಲ್ಲ ಮಾಡಿದರೂ ತೋಪಿನ ಗುಂಡಿನ ಮುಂದೆ ನಡೆಯಲಿಲ್ಲ ಅನ್ನುವುದಕ್ಕೆ ಇದೇ ಊರಿನ ಕತೆ ಸಾಕ್ಷಿ. ಆ ಅದ್ದೂರಿ ಮದುವೆಯ ದಂಪತಿಗೆ ಗಂಡು ಸಂತಾನ ಉಳಿಯಲಿಲ್ಲ. ಗೇಯೋರ್ಗ್ ಸತ್ತಿದ್ದು 1503ರಲ್ಲಿ. ರಾಜ್ಯವನ್ನು ಮಗಳಿಗೆ ಬರೆದಿಟ್ಟಿದ್ದ, ಮ್ಯೂನಿಕ್‌ನ ದಾಯಾದಿಗಳು ಒಪ್ಪಲಿಲ್ಲ. ಮುಂದಿನದನ್ನು ಮಹಾಭಾರತ ಓದಿದವರಿಗೆ ಹೇಳಬೇಕಿಲ್ಲ. 1504ರಲ್ಲಿ ಇದೇ ಲಾಂಡ್ಸ್‌ಹುಟ್‌ಗೆ ಮುತ್ತಿಗೆ ಹಾಕಿದವರಲ್ಲಿ ಗೋಟ್ಸ್ ಫಾನ್ ಬೆರ್ಲಿಖಿಂಗೆನ್ ಎಂಬ ಇಪ್ಪತ್ತು ದಾಟಿದ ಯೋಧನಿದ್ದ. ತೋಪಿನ ಗುಂಡು ಅವನು ಹಿಡಿದಿದ್ದ ಕತ್ತಿಗೆ ಬಡಿದು, ಬಲಗೈ ಹೋಯಿತು. ಅವನು ಸುಮ್ಮನೆ ಕೂರಲಿಲ್ಲ, ಕಬ್ಬಿಣದ ಕೈ ಮಾಡಿಸಿಕೊಂಡ. ಬೆರಳುಗಳನ್ನು ಮಡಿಚಿದರೆ ಅಲ್ಲೇ ಕಚ್ಚಿ ನಿಲ್ಲುತ್ತವೆ, ಗುಂಡಿ ಒತ್ತಿದರೆ ಸ್ಪ್ರಿಂಗಿನ ಬಲದಿಂದ ಬಿಚ್ಚಿಕೊಳ್ಳುತ್ತವೆ. ಆ ಕೈಯಿಟ್ಟುಕೊಂಡು ಇನ್ನೂ ಐವತ್ತಕ್ಕೂ ಹೆಚ್ಚು ವರ್ಷ ಜಗಳ ಕಾಯುತ್ತಾ ಬದುಕಿ, 1562ರಲ್ಲಿ ಸತ್ತ. ಕವಿ ಗಯಟೆ ಅವನ ಮೇಲೊಂದು ನಾಟಕ ಬರೆದ. ಕೈ ಇವತ್ತಿಗೂ ಯಾಗ್ಸ್ಟ್‌ಹೌಸೆನ್‌ನ ಕೋಟೆಯಲ್ಲಿದೆ.

ಸಿದ್ಧ ಕವಚ ಕೊಂಡರೆ ಆಗದೇ ಅಂತ ನಾನೂ ಒಮ್ಮೆ ಕೇಳಿದ್ದುಂಟು. ಯುರೋಪಿನವರು ಕೊಳ್ಳುವ ಅಗ್ಗದ ಕವಚಗಳಲ್ಲಿ ಎಷ್ಟೋ ಬರುವುದು ನಮ್ಮ ಡೆಹ್ರಾಡೂನ್ ಕಡೆಯಿಂದ. ಅಲ್ಲಿ ಕತ್ತಿ ಕವಚಗಳ ದೊಡ್ಡ ರಫ್ತು ಉದ್ಯಮವೇ ಇದೆ. ನಾಟಕಕ್ಕೆ, ಹೋಟೆಲಿನ ಮೂಲೆಯಲ್ಲಿ ನಿಲ್ಲಿಸಲಿಕ್ಕೆ ಚೆನ್ನ. ಆದರೆ ಸ್ಮಾಲ್, ಮೀಡಿಯಂ, ಲಾರ್ಜ್ ಅಂತ ಬಂದದ್ದರಲ್ಲಿ ಮೊಣಕೈ ಮೊಣಕೈಯ ಜಾಗದಲ್ಲಿ ಕೂರುವುದು ಅದೃಷ್ಟವಿದ್ದರೆ ಮಾತ್ರ. ಜೊತೆಗೆ 1475ರ ಮದುವೆಗೆ 1510ರ ಫ್ಯಾಷನ್ನಿನ ಕವಚ ತೊಟ್ಟು ಹೋಗುವುದು ನಮ್ಮ ಯಜಮಾನರಿಗೆ ಪ್ರಾಣ ಹೋದರೂ ಆಗದ ಕೆಲಸ. ಮೂವತ್ತೈದು ವರ್ಷದ ಅಂತರ ಯಾರಿಗೆ ಕಾಣುತ್ತದೆ ಅಂದರೆ, "ನನಗೆ" ಅನ್ನುತ್ತಾರೆ.

ಓದುತ್ತಾ ಓದುತ್ತಾ ಯಾರಿಗಾದರೂ ಕೈ ತುರಿಸಿದ್ದರೆ ಯಜಮಾನರ ಪರವಾಗಿ ಇಷ್ಟು ಹೇಳಿಬಿಡುತ್ತೇನೆ. ಶಿರಸ್ತ್ರಾಣದಿಂದ ಶುರು ಮಾಡಬೇಡಿ, ಎಲ್ಲರೂ ಅಲ್ಲೇ ಸೋಲುವುದು. ಒಂದು ಮಂಡಿಯಿಂದ ಶುರು ಮಾಡಿ, ರಟ್ಟಿನಲ್ಲಿ. ಆಮೇಲೆ ಒಂದೂಕಾಲಿನಿಂದ ಒಂದೂವರೆ ಮಿಲಿಮೀಟರ್ ದಪ್ಪದ ಸಾದಾ ಮೈಲ್ಡ್ ಸ್ಟೀಲ್ ತಗಡು ತನ್ನಿ. ಕತ್ತರಿಸಿದ ಕೂಡಲೇ ಅಂಚಿಗೆ ಅರ ಹಾಕಿ, ಕಿವಿಗೆ ಮುಚ್ಚಳ ಹಾಕಿಕೊಳ್ಳಿ, ಕಣ್ಣಿಗೆ ಕನ್ನಡಕ. ಅಗ್ಗ ಅಂತ ಸತುವಿನ ಲೇಪದ ಗ್ಯಾಲ್ವನೈಸ್ಡ್ ತಗಡನ್ನು ಮಾತ್ರ ತರಬೇಡಿ. ಅದನ್ನು ಕಾಯಿಸಿದರೆ ಏಳುವ ಹೊಗೆ ಕುಡಿದವರಿಗೆ ಚಳಿ ಜ್ವರ ಖಂಡಿತ.